ಮಾರ್ಕ್ವೆಜ್‌ನ ಕಾದಂಬರಿಗಳಿಗೆ ಪತ್ರಿಕಾ ವೃತ್ತಿ ಮತ್ತು ಅಲೆದಾಟ ಕೊಟ್ಟದ್ದೇನು?

ಸಂಚಾರಿ ಓದುಗ (ಚರ್ಚೆ ಆರಂಭಿಸಿದವರು)

ಕೊಲಂಬಿಯಾದ ಕಾದಂಬರಿಕಾರ ಗಾಬ್ರಿಯೆಲ್ ಗಾರ್ಸಿಯಾ ಮಾರ್ಕ್ವೆಜ್ ಬಗ್ಗೆ ನಮ್ಮಲ್ಲಿ ನಡೆಯುವ ಮಾತುಕತೆ ಹೆಚ್ಚಾಗಿ ‘ಮಾಂತ್ರಿಕ ವಾಸ್ತವ’ದಿಂದ, ಅಂದರೆ ಅಸಾಧ್ಯವಾದದ್ದನ್ನು ದಿನನಿತ್ಯದ ಸಂಗತಿಯಂತೆ ಹೇಳುವ ರೀತಿಯಿಂದ, ಶುರುವಾಗಿ ಅಲ್ಲಿಗೇ ನಿಂತುಬಿಡುತ್ತದೆ. ಅವನು ಕಾದಂಬರಿಕಾರನಾಗುವ ಮೊದಲೂ, ಆದ ಮೇಲೂ ಪತ್ರಕರ್ತನಾಗಿದ್ದ ಎಂಬುದನ್ನು ಪರಿಚಯ ಲೇಖನಗಳು ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತವೆ. ಆ ಒಂದು ಸಾಲಿನೊಳಗೆ ಏನೆಲ್ಲ ಇದೆ ಎಂಬುದನ್ನು ಬಿಡಿಸಿ ನೋಡಬೇಕೆಂಬ ಆಸೆಯಿಂದ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

1948ರ ಏಪ್ರಿಲ್ 9ರಂದು ರಾಜಧಾನಿ ಬೊಗೊಟಾದಲ್ಲಿ ಜನನಾಯಕ ಗೈತಾನ್‌ನ ಕೊಲೆಯಾಗಿ ನಗರಕ್ಕೆ ಬೆಂಕಿ ಬಿದ್ದಾಗ ಮಾರ್ಕ್ವೆಜ್ ಅಲ್ಲಿ ಕಾನೂನು ವಿದ್ಯಾರ್ಥಿ. ಅಲ್ಲಿಂದ ಕೆರಿಬಿಯನ್ ಕರಾವಳಿಯ ಕಾರ್ತಹೇನಾಕ್ಕೆ ಬಂದ ಅವನು ‘ಎಲ್ ಉನಿವೆರ್ಸಾಲ್’ ಪತ್ರಿಕೆಗೆ ಸೇರಿದ. ಅಲ್ಲಿಯ ಸಂಪಾದಕ ಸಬಾಲಾ ಅವನ ಮೊದಲ ಬರಹಗಳನ್ನು ಕೆಂಪು ಪೆನ್ಸಿಲಿನಿಂದ ತಿದ್ದಿ ತಿದ್ದಿ ಹೊಸದಾಗಿಯೇ ಬರೆದಂತೆ ಮಾಡುತ್ತಿದ್ದರಂತೆ. ಆಮೇಲೆ ಬರಾಂಕಿಯಾದ ‘ಎಲ್ ಎರಾಲ್ದೊ’ದಲ್ಲಿ ‘ಸೆಪ್ಟಿಮಸ್’ ಎಂಬ ಹೆಸರಿನಲ್ಲಿ ಅಂಕಣ; 1954ರಿಂದ ಬೊಗೊಟಾದ ‘ಎಲ್ ಎಸ್ಪೆಕ್ತಾದೊರ್’; 1955ರಲ್ಲಿ ಅದರ ಪ್ರತಿನಿಧಿಯಾಗಿ ಯುರೋಪ್; ಬಳಿಕ ಕರಾಕಾಸ್, ಹವಾನಾ, ನ್ಯೂಯಾರ್ಕ್; 1961ರಲ್ಲಿ ಹೆಂಡತಿ ಮಗುವಿನೊಂದಿಗೆ ಬಸ್ಸಿನಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳನ್ನು ಹಾದು ಮೆಕ್ಸಿಕೊ. ‘ನೂರು ವರ್ಷಗಳ ಏಕಾಂತ’ ಹೊರಬಂದದ್ದು 1967ರಲ್ಲಿ. ಅಂದರೆ ಆ ಕಾದಂಬರಿಯ ಹಿಂದೆ ಸುಮಾರು ಎರಡು ದಶಕಗಳ ಪತ್ರಿಕಾ ಬರವಣಿಗೆ ಮತ್ತು ಅಲೆದಾಟ ಇವೆ.

ನನ್ನ ವಾದ ಇಷ್ಟು. ಓದುಗ ಒಂದು ಅಸಾಧ್ಯ ಸಂಗತಿಯನ್ನು ನಂಬುವಂತೆ ಮಾಡುವ ಕಸುಬನ್ನು ಅವನು ಪತ್ರಿಕೆಯಲ್ಲಿ ಕಲಿತ. ಯಾವುದನ್ನು ಬರೆಯಬೇಕು ಎಂಬುದು ಅವನಿಗೆ ತಿಳಿದದ್ದು ತನ್ನ ಊರಿನಿಂದ ಬಹಳ ದೂರ ಹೋದ ಮೇಲೆ. ನೀವೇನು ಹೇಳುತ್ತೀರಿ?

ಮೊಫಸಿಲ್ ವರದಿಗಾರ

ನಾನು ಜಿಲ್ಲಾ ಮಟ್ಟದಲ್ಲಿ ಬಹುಕಾಲ ವರದಿಗಾರಿಕೆ ಮಾಡಿದವನು. ಆದ್ದರಿಂದ ನಿಮ್ಮ ವಾದದ ಮೊದಲ ಭಾಗಕ್ಕೆ ನನ್ನ ಪೂರ್ಣ ಸಮ್ಮತಿಯಿದೆ.

ಕೆರೆಯಲ್ಲಿ ಮುಳುಗಿ ಒಬ್ಬರು ಸತ್ತರು ಎಂದು ಸುದ್ದಿ ಕಳಿಸಿದರೆ ಡೆಸ್ಕಿನಿಂದ ಫೋನ್ ಬರುತ್ತಿತ್ತು. ಹೊತ್ತು ಎಷ್ಟಾಗಿತ್ತು, ಯಾವ ದಂಡೆಯ ಕಡೆಯಿಂದ ಇಳಿದರು, ಚಪ್ಪಲಿ ದಂಡೆಯ ಮೇಲಿತ್ತೋ ಕಾಲಲ್ಲಿತ್ತೋ, ಮೊದಲು ನೋಡಿದವರು ಯಾರು, ಅವರು ಅಲ್ಲಿ ಏನು ಮಾಡುತ್ತಿದ್ದರು. ಆ ಪ್ರಶ್ನೆಗಳಲ್ಲಿ ಅರ್ಧದಷ್ಟಕ್ಕೆ ಸಿಕ್ಕ ಉತ್ತರಗಳು ಅಚ್ಚಾಗುತ್ತಲೇ ಇರಲಿಲ್ಲ. ಆದರೆ ಅವನ್ನು ತಿಳಿದುಕೊಂಡು ಬರೆದ ನಾಲ್ಕು ಸಾಲಿಗೂ ತಿಳಿಯದೆ ಬರೆದ ನಾಲ್ಕು ಸಾಲಿಗೂ ಓದುವಾಗಲೇ ವ್ಯತ್ಯಾಸ ಗೊತ್ತಾಗುತ್ತಿತ್ತು.

‘ನೂರು ವರ್ಷಗಳ ಏಕಾಂತ’ದಲ್ಲಿ ಒಂದು ಲೋಟ ಚಾಕೊಲೇಟ್ ಕುಡಿದ ಪಾದ್ರಿ ನೆಲದಿಂದ ಮೇಲೇಳುತ್ತಾನೆ, ಎಷ್ಟು ಎಂದರೆ 12 ಸೆಂಟಿಮೀಟರ್. ಮಳೆ ಸುರಿಯುವುದು ನಾಲ್ಕು ವರ್ಷ ಹನ್ನೊಂದು ತಿಂಗಳು ಎರಡು ದಿನ. ಆಕಾಶದಲ್ಲಿ ಆನೆಗಳು ಹಾರುತ್ತಿವೆ ಎಂದರೆ ಯಾರೂ ನಂಬುವುದಿಲ್ಲ, 425 ಆನೆಗಳು ಹಾರುತ್ತಿವೆ ಎಂದರೆ ಬಹುಶಃ ನಂಬುತ್ತಾರೆ ಎಂದು ಅವನೇ 1981ರ ಒಂದು ಸಂದರ್ಶನದಲ್ಲಿ ಹೇಳಿದ್ದಾನೆ, ಮತ್ತು ಇದನ್ನು ಪತ್ರಕರ್ತರ ಉಪಾಯ ಎಂದೇ ಕರೆದಿದ್ದಾನೆ. ಅದೇ ಕಾದಂಬರಿಯ ಸುಂದರಿ ರೆಮೆದಿಯೋಸ್ ಆಕಾಶಕ್ಕೆ ಏರುವ ಪ್ರಸಂಗವನ್ನು ಬರೆಯಲಾಗದೆ ಒದ್ದಾಡುತ್ತಿದ್ದಾಗ, ಜೋರು ಗಾಳಿಯಲ್ಲಿ ಒಬ್ಬ ಹೆಂಗಸು ಬಟ್ಟೆ ಒಣಹಾಕಲು ಹೆಣಗುತ್ತಿದ್ದುದನ್ನು ನೋಡಿ, ರೆಮೆದಿಯೋಸ್‌ಳ ಕೈಗೆ ಹಾಸಿಗೆಯ ದುಪ್ಪಟಿಗಳನ್ನು ಕೊಟ್ಟ ಮೇಲೆ ಅವಳು ಸಲೀಸಾಗಿ ಏರಿದಳು ಎಂದೂ ಹೇಳಿಕೊಂಡಿದ್ದಾನೆ. ಕಣ್ಣಾರೆ ಕಂಡ ಒಂದು ಚಿಕ್ಕ ವಿವರ ಸಿಗುವ ತನಕ ವಾಕ್ಯ ಮುಂದೆ ಹೋಗದಿರುವುದು ವರದಿಗಾರನ ಸ್ವಭಾವ.

ಶಾಲ್ಮಲೆ

ಇಬ್ಬರ ಮಾತನ್ನೂ ಆಸಕ್ತಿಯಿಂದ ಓದಿದೆ, ಆದರೆ ನನಗೆ ಒಪ್ಪಿಗೆಯಾಗಲಿಲ್ಲ. ಮಾರ್ಕ್ವೆಜ್ ಬಾಲ್ಯ ಕಳೆದ ಅರಕಟಾಕಾ ಊರಿನ ದೊಡ್ಡ ಮನೆಯಲ್ಲಿ ಅಜ್ಜಿ ದೆವ್ವ ಭೂತಗಳ, ಸತ್ತ ಬಂಧುಗಳ ಕಥೆಗಳನ್ನು ಮುಖದ ಒಂದು ಗೆರೆಯೂ ಬದಲಾಗದಂತೆ, ನಿನ್ನೆ ಬೀದಿಯಲ್ಲಿ ನಡೆದದ್ದನ್ನು ಹೇಳುವ ಹಾಗೆ ಹೇಳುತ್ತಿದ್ದರೆಂದೂ, ತನ್ನ ಕಾದಂಬರಿಯ ಧ್ವನಿ ಸಿಕ್ಕಿದ್ದು ಅಲ್ಲಿಂದಲೇ ಎಂದೂ ಮಾರ್ಕ್ವೆಜ್ ಮತ್ತೆ ಮತ್ತೆ ಹೇಳಿದ್ದಾನೆ. ಎಂಟು ವರ್ಷದ ಹುಡುಗನಾಗುವಷ್ಟರಲ್ಲಿ ಅವನ ಕಿವಿಗೆ ಬಿದ್ದಿದ್ದ ಆ ಧ್ವನಿಗೆ ಪತ್ರಿಕಾ ಕಚೇರಿಯ ಹಂಗು ಏಕೆ ಬೇಕು?

ಪ್ರಯಾಣದ ವಿಷಯದಲ್ಲೂ ಅಷ್ಟೇ. ಅವನನ್ನು ಬರಹಗಾರನನ್ನಾಗಿ ಮಾಡಿದ ಪ್ರಯಾಣ ಜಿನೀವಾದ್ದೂ ಅಲ್ಲ, ಪ್ಯಾರಿಸ್ಸಿನದೂ ಅಲ್ಲ. ಇಪ್ಪತ್ತರ ಹರೆಯದಲ್ಲಿ ಆ ಹಳೆಯ ಮನೆಯನ್ನು ಮಾರಲೆಂದು ತಾಯಿಯೊಂದಿಗೆ ಅರಕಟಾಕಾಕ್ಕೆ ಹೋಗಿಬಂದದ್ದು. ಆತ್ಮಕಥೆಯನ್ನು ಅವನು ಆರಂಭಿಸುವುದೇ ಆ ಪ್ರಯಾಣದಿಂದ. ಪತ್ರಿಕೆ ಅವನಿಗೆ ಊಟ ಕೊಟ್ಟಿತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಬರಾಂಕಿಯಾದಲ್ಲಿ ವೇಶ್ಯಾಗೃಹವೂ ಆಗಿದ್ದ ಅಗ್ಗದ ವಸತಿಗೃಹದಲ್ಲಿ ಬಾಡಿಗೆಗೆ ದುಡ್ಡಿಲ್ಲದ ರಾತ್ರಿ ತನ್ನ ಕಾದಂಬರಿಯ ಹಸ್ತಪ್ರತಿಯನ್ನೇ ಕಾವಲುಗಾರನ ಬಳಿ ಒತ್ತೆಯಿಟ್ಟು ಮಲಗುತ್ತಿದ್ದವನು ಅವನು. ಅಂಥವನಿಗೆ ದಿನದ ಅಂಕಣ ಅನಿವಾರ್ಯವಾಗಿತ್ತು. ಅನಿವಾರ್ಯವಾದದ್ದನ್ನೆಲ್ಲ ನಾವು ಗುರು ಎಂದು ಕರೆಯಬೇಕಾಗಿಲ್ಲ.

ಸಂಚಾರಿ ಓದುಗ

ಶಾಲ್ಮಲೆಯವರೇ, ಅಜ್ಜಿಯ ವಿಷಯ ನಿಜ. ಆದರೆ ಅಜ್ಜಿಯ ಧ್ವನಿ ಬಾಲ್ಯದಿಂದಲೇ ಕಿವಿಯಲ್ಲಿದ್ದರೂ 1967ರವರೆಗೆ ಆ ಕಾದಂಬರಿ ಏಕೆ ಬರಲಿಲ್ಲ? ಹದಿಹರೆಯ ದಾಟಿದಾಗಿನಿಂದ ಅವನು ‘ಮನೆ’ ಎಂಬ ಹೆಸರಿನಲ್ಲಿ ಅದೇ ಕಥೆಯನ್ನು ಬರೆಯಲು ಹೊರಟು ಕೈಬಿಟ್ಟಿದ್ದ. ಎದುರಿಗೆ ಕೂತ ಮೊಮ್ಮಗನನ್ನು ನಂಬಿಸಲು ಅಜ್ಜಿಗೆ ತನ್ನ ಮುಖವಿತ್ತು, ಧ್ವನಿಯಿತ್ತು. ಅಚ್ಚಾದ ಪುಟದಲ್ಲಿ ಮುಖವೂ ಇಲ್ಲ, ಧ್ವನಿಯೂ ಇಲ್ಲ. ಅವೆರಡೂ ಇಲ್ಲದಾಗ ನಂಬಿಸುವುದು ಹೇಗೆ ಎಂಬುದನ್ನು ಅವನು ಪತ್ರಿಕೆಯಲ್ಲೇ ಕಲಿತ ಎಂಬುದಕ್ಕೆ 1955ರ ಒಂದು ಸರಣಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಆ ವರ್ಷದ ಫೆಬ್ರವರಿ 28ರಂದು ಕೊಲಂಬಿಯಾ ನೌಕಾಪಡೆಯ ‘ಕಾಲ್ದಾಸ್’ ಎಂಬ ಯುದ್ಧನೌಕೆ ಅಮೆರಿಕದ ಮೊಬೀಲ್ ಬಂದರಿನಿಂದ ಕಾರ್ತಹೇನಾಕ್ಕೆ ಮರಳುತ್ತಿದ್ದಾಗ ಎಂಟು ಮಂದಿ ಸಮುದ್ರಕ್ಕೆ ಬಿದ್ದರು. ಲೂಯಿಸ್ ಅಲೆಹಾಂದ್ರೊ ವೆಲಾಸ್ಕೊ ಎಂಬ ನಾವಿಕನೊಬ್ಬ ಮಾತ್ರ ಅನ್ನ ನೀರಿಲ್ಲದೆ ಹತ್ತು ದಿನ ತೆಪ್ಪದ ಮೇಲೆ ಕಳೆದು ದಡ ಸೇರಿದ. ಅವನು ಮಾರ್ಕ್ವೆಜ್‌ನ ಪತ್ರಿಕೆಯ ಬಾಗಿಲಿಗೆ ಬರುವ ಹೊತ್ತಿಗೆ ಕಥೆ ಹಳಸಿಹೋಗಿತ್ತು. ನೀರಲ್ಲೂ ನಿಲ್ಲದ ಕೈಗಡಿಯಾರದ ಜಾಹೀರಾತಿಗೆ, ಹಸಿವಿನಿಂದ ಹರಿದು ತಿನ್ನಲು ಹೋದರೂ ಹರಿಯದ ಬೂಟಿನ ಜಾಹೀರಾತಿಗೆ ಅವನು ಆಗಲೇ ಮುಖ ಕೊಟ್ಟಿದ್ದ. ಮಾರ್ಕ್ವೆಜ್‌ಗೆ ಆಸಕ್ತಿಯಿರಲಿಲ್ಲ, ಸಂಪಾದಕರ ಒತ್ತಾಯಕ್ಕೆ ಕೂತ. ದಿನಕ್ಕೆ ಆರು ಗಂಟೆಯಂತೆ ಇಪ್ಪತ್ತು ದಿನ ಕೂತ. ನಾವಿಕ ಹೇಳಿದ್ದನ್ನು ಬರೆದುಕೊಳ್ಳುವುದರ ಜೊತೆಗೆ ಅವನ ಮಾತಿನಲ್ಲಿ ವಿರೋಧಾಭಾಸ ಸಿಕ್ಕೀತೇ ಎಂದು ನಡುನಡುವೆ ಬಲೆ ಬೀಸುವ ಪ್ರಶ್ನೆಗಳನ್ನೂ ಹಾಕುತ್ತಿದ್ದ. ಬಿರುಗಾಳಿ ಹೇಗಿತ್ತು ಎಂದು ಕೇಳಿದಾಗ ನಾವಿಕ, ಬಿರುಗಾಳಿಯೇ ಇರಲಿಲ್ಲ ಎಂದುಬಿಟ್ಟ. ಹಡಗಿನ ಮೇಲ್ತಟ್ಟಿನಲ್ಲಿ ಕಳ್ಳಸಾಗಣೆಯ ರೆಫ್ರಿಜರೇಟರ್, ಟೆಲಿವಿಷನ್, ಬಟ್ಟೆ ಒಗೆಯುವ ಯಂತ್ರಗಳನ್ನು ಕಟ್ಟಿದ್ದರು. ಗಾಳಿಗೆ ಹಡಗು ವಾಲಿದಾಗ ಸರಕಿನ ಕಟ್ಟು ಸಡಿಲಿ, ಅದರೊಂದಿಗೆ ಮನುಷ್ಯರೂ ನೀರಿಗೆ ಬಿದ್ದಿದ್ದರು. ಹದಿನಾಲ್ಕು ಕಂತುಗಳಲ್ಲಿ ಪ್ರಕಟವಾದ ಈ ಕಥನ ರೋಹಾಸ್ ಪಿನಿಯಾನ ಸರ್ವಾಧಿಕಾರಕ್ಕೆ ನುಂಗಲಾರದ ತುತ್ತಾಯಿತು.

ಇಲ್ಲಿ ಕಾದಂಬರಿಕಾರನಿಗೆ ಸಿಕ್ಕ ಪಾಠವನ್ನು ಗಮನಿಸಿ. ಹತ್ತು ದಿನ ಒಂದೇ ತೆಪ್ಪ, ಒಂದೇ ಸಮುದ್ರ, ಒಬ್ಬನೇ ಮನುಷ್ಯ. ಕೊನೆಗೆ ಅವನು ಬದುಕುತ್ತಾನೆಂಬುದು ದೇಶಕ್ಕೆಲ್ಲ ಮೊದಲೇ ಗೊತ್ತು. ಆದರೂ ಜನ ಮರುದಿನದ ಕಂತಿಗಾಗಿ ಕಾದರು. ಅಂತ್ಯವನ್ನು ಮೊದಲೇ ಬಿಟ್ಟುಕೊಟ್ಟು ಓದುಗನನ್ನು ಹಿಡಿದಿಡುವ ಈ ರೀತಿ ಮುಂದೆ ಅವನ ಎಷ್ಟು ಕೃತಿಗಳ ಮೊದಲ ವಾಕ್ಯದಲ್ಲೇ ಇದೆ!

ಅಘನಾಶಿನಿ

ಪ್ರಯಾಣದ ಬಗ್ಗೆ ಯಾರೂ ಸರಿಯಾಗಿ ಮಾತಾಡಲಿಲ್ಲವೆನಿಸಿತು, ಆದ್ದರಿಂದ ನನ್ನದೊಂದಿಷ್ಟು.

ಜಿನೀವಾ ಶೃಂಗಸಭೆಯ ವರದಿಗೆಂದು ಹೋದ ಮಾರ್ಕ್ವೆಜ್ ಯುರೋಪಿನಲ್ಲೇ ಇರುವಾಗ ಸರ್ವಾಧಿಕಾರಿಯ ಕಾಟದಿಂದ ಅವನ ಪತ್ರಿಕೆ ಮುಚ್ಚಿತು. ಪ್ಯಾರಿಸ್ಸಿನ ವಸತಿಗೃಹವೊಂದರ ಅಟ್ಟದ ಕೋಣೆಯಲ್ಲಿ ಬಾಡಿಗೆ ಬಾಕಿ ಉಳಿಸಿಕೊಂಡು, ಅಂಚೆಯಲ್ಲಿ ಹಣ ಬಂದೀತೆಂದು ಕಾಯುತ್ತ ಅವನು ಬರೆದದ್ದು ‘ಕರ್ನಲ್‌ಗೆ ಯಾರೂ ಬರೆಯುವುದಿಲ್ಲ’ ಎಂಬ ಕಿರು ಕಾದಂಬರಿಯನ್ನು. ಅದರಲ್ಲಿ ಮುದಿ ಕರ್ನಲ್ ಪ್ರತಿ ಶುಕ್ರವಾರ ಅಂಚೆಯ ದೋಣಿ ಬರುವ ದಕ್ಕೆಗೆ ಹೋಗಿ, ಎಂದೂ ಬಾರದ ಪಿಂಚಣಿಯ ಪತ್ರಕ್ಕಾಗಿ ನಿಲ್ಲುತ್ತಾನೆ. ‘ಸಾವಿರ ದಿನಗಳ ಯುದ್ಧ’ ಎಂಬ ಕೊಲಂಬಿಯಾದ ಅಂತರ್ಯುದ್ಧದಲ್ಲಿ ಹೋರಾಡಿದ್ದ ಮಾರ್ಕ್ವೆಜ್‌ನ ಅಜ್ಜನೂ ಹೀಗೆಯೇ ಪಿಂಚಣಿಗಾಗಿ ಕಾದು ಕಾದು ಸತ್ತವರು. ಬಾಲ್ಯದಲ್ಲಿ ಮೊಮ್ಮಗ ಕಂಡಿದ್ದ ಆ ಕಾಯುವಿಕೆಯ ಒಳಗಿನ ಹಸಿವು ಅವನಿಗೆ ಮೈಯಲ್ಲಿ ತಿಳಿದದ್ದು ಪರದೇಶದಲ್ಲಿ. ಆ ಪುಟ್ಟ ಪುಸ್ತಕದಲ್ಲಿ ಪ್ಯಾರಿಸ್ಸಿನ ಒಂದು ಬೀದಿಯೂ ಇಲ್ಲ ಎಂಬುದನ್ನು ಗಮನಿಸಿ. ಡಬ್ಬಿಯ ತಳದ ಕಾಫಿಪುಡಿಯನ್ನು ತುಕ್ಕಿನ ಸಮೇತ ಚಾಕುವಿನಿಂದ ಕೆರೆದು ನೀರಿಗೆ ಹಾಕುವ ಮೊದಲ ದೃಶ್ಯದಲ್ಲಿ ಇರುವುದು ಪೂರಾ ಕೊಲಂಬಿಯಾ.

ಇನ್ನೊಂದು ಉದಾಹರಣೆ. 1957ರಲ್ಲಿ ಅವನು ಗೆಳೆಯರೊಂದಿಗೆ ಪೂರ್ವ ಯುರೋಪಿನಲ್ಲಿ ಸುತ್ತಿ, ಸೋವಿಯತ್ ಒಕ್ಕೂಟಕ್ಕೂ ಹೋಗಿ ಬರೆದ ಪ್ರವಾಸ ವರದಿಗಳಲ್ಲಿ ಮಾಸ್ಕೋದ ಸಮಾಧಿಮಂದಿರದಲ್ಲಿ ಸ್ಟಾಲಿನ್‌ನ ಶವವನ್ನು ನೋಡಿದ ಪ್ರಸಂಗ ಬರುತ್ತದೆ. ತನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚು ತಟ್ಟಿದ್ದು ಹೆಣ್ಣಿನ ಕೈಗಳಂತಿದ್ದ ಆ ನಾಜೂಕಾದ ಕೈಗಳು ಎಂದು ಅವನು ಬರೆದ. ಮರುವರ್ಷದ ಜನವರಿಯಲ್ಲಿ ಕರಾಕಾಸ್‌ನಲ್ಲಿ ವೆನೆಜುವೆಲಾದ ಸರ್ವಾಧಿಕಾರಿ ಪೆರೆಸ್ ಹಿಮೆನೆಸ್‌ನ ಆಡಳಿತ ಉರುಳಿದಾಗ, ಹೊಸ ಸರ್ಕಾರದ ಮಾತುಕತೆ ನಡೆಯುತ್ತಿದ್ದ ಕೋಣೆಯ ಹೊರಗೆ ಪತ್ರಕರ್ತರ ನಡುವೆ ಕಾಯುತ್ತಿದ್ದ. ಕೆಸರಾದ ಬೂಟಿನ ಅಧಿಕಾರಿಯೊಬ್ಬ ಕೈಯಲ್ಲಿ ಮಷಿನ್‌ಗನ್ ಹಿಡಿದು ಹಿಂದುಹಿಂದಕ್ಕೆ ನಡೆಯುತ್ತ ಆ ಕೋಣೆಯಿಂದ ಹೊರಬಂದ. ಅಧಿಕಾರದ ರಹಸ್ಯದ ಬಗ್ಗೆ ಕಾದಂಬರಿ ಬರೆಯಬೇಕೆಂದು ಹೊಳೆದದ್ದು ಆ ಕ್ಷಣದಲ್ಲಿ ಎಂದು ಅವನೇ ಹೇಳಿದ್ದಾನೆ. 1975ರ ‘ಕುಲಪತಿಯ ಶರತ್ಕಾಲ’ದ ಮುದಿ ಸರ್ವಾಧಿಕಾರಿಗೆ ಇರುವುದು ಹುಡುಗಿಯ ಕೈಗಳಂಥ ನಯವಾದ ಕೈಗಳು. ಒಂದು ಶವದ ಕೈ ಮತ್ತು ಒಂದು ಬೂಟಿನ ಕೆಸರನ್ನು ಹದಿನೇಳು ಹದಿನೆಂಟು ವರ್ಷ ಮನಸ್ಸಿನಲ್ಲಿ ಇಟ್ಟುಕೊಳ್ಳುವ ತಾಳ್ಮೆ ಅವನಿಗಿತ್ತು. ಆ ಕೈಯನ್ನು ನೋಡಲು ಮಾಸ್ಕೋದವರೆಗೆ ಹೋಗಲೇಬೇಕಿತ್ತು.

ಶಾಲ್ಮಲೆ

ಅಘನಾಶಿನಿಯವರ ಉದಾಹರಣೆಗಳು ನನ್ನನ್ನು ಯೋಚನೆಗೆ ಹಚ್ಚಿದವು. ಆದರೆ ‘ಪತ್ರಕರ್ತರ ಉಪಾಯ’ ಎಂದು ಇಲ್ಲಿ ಸಂಭ್ರಮಿಸುತ್ತಿರುವುದರ ಇನ್ನೊಂದು ಮುಖವನ್ನೂ ನೋಡಬೇಕಲ್ಲವೇ?

1928ರ ಡಿಸೆಂಬರಿನಲ್ಲಿ ಸಿಯೆನಾಗಾದಲ್ಲಿ ಮುಷ್ಕರ ನಿರತ ಬಾಳೆತೋಟದ ಕಾರ್ಮಿಕರ ಮೇಲೆ ಸೈನ್ಯ ಗುಂಡು ಹಾರಿಸಿತು. ಸತ್ತವರೆಷ್ಟು ಎಂಬುದು ಇಂದಿಗೂ ವಿವಾದದ ವಿಷಯ. ‘ನೂರು ವರ್ಷಗಳ ಏಕಾಂತ’ದಲ್ಲಿ ಅದು ಮೂರು ಸಾವಿರಕ್ಕೂ ಹೆಚ್ಚು, ಮತ್ತು ಆ ಹೆಣಗಳನ್ನು ಇನ್ನೂರು ಬೋಗಿಗಳ ರೈಲು ಹೊತ್ತೊಯ್ಯುತ್ತದೆ. ಕಥೆಗೆ ಒಂದು ರೈಲು ತುಂಬುವಷ್ಟು ಹೆಣಗಳು ಬೇಕಿದ್ದವು, ಸಣ್ಣ ಸಂಖ್ಯೆ ಸಾಲುತ್ತಿರಲಿಲ್ಲ ಎಂದು ಲೇಖಕನೇ ಹೇಳಿದ್ದಾನೆ. ಮುಂದೆ ಕೊಲಂಬಿಯಾದ ಸಂಸತ್ತಿನಲ್ಲೇ ಆ ಮೂರು ಸಾವಿರ ಹುತಾತ್ಮರಿಗೆ ಮೌನಾಚರಣೆ ಕೋರಿದ ಪ್ರಸಂಗವನ್ನೂ ಅವನು ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. 425 ಆನೆಗಳನ್ನು ನಂಬಿಸುವ ಕೈಯೇ ಮೂರು ಸಾವಿರ ಹೆಣಗಳನ್ನೂ ನಂಬಿಸಿತು. ಆನೆಗಳ ವಿಷಯದಲ್ಲಿ ಯಾರಿಗೂ ನಷ್ಟವಿಲ್ಲ. ಸತ್ತ ಕಾರ್ಮಿಕರ ವಿಷಯದಲ್ಲಿ ಹಾಗೆ ಹೇಳಲಾಗದು.

ಪತ್ರಕರ್ತನಾಗಿದ್ದಾಗಲೂ ಅವನು ಈ ಗೆರೆಯನ್ನು ದಾಟಿದ್ದುಂಟು. 1954ರಲ್ಲಿ ಚೊಕೊ ಪ್ರಾಂತ್ಯದಲ್ಲಿ ಭಾರೀ ಪ್ರತಿಭಟನೆ ನಡೆಯುತ್ತಿದೆ ಎಂಬ ಸ್ಥಳೀಯ ವರದಿಗಾರನ ಸುದ್ದಿಯನ್ನು ನಂಬಿ ಹೋದರೆ ಅಲ್ಲಿ ಏನೂ ಇರಲಿಲ್ಲ, ಆಗ ಜನ ಸೇರಿಸಿ ಪ್ರತಿಭಟನೆ ನಡೆಸುವ ಏರ್ಪಾಡಾಯಿತು ಎಂದು ಅವನೇ ಮುಂದೆ ಹೇಳಿಕೊಂಡ. ವರದಿಗಾರರು ಇದಕ್ಕೆ ಏನು ಹೇಳುತ್ತಾರೆ?

ಮೊಫಸಿಲ್ ವರದಿಗಾರ

ನೇರವಾಗಿ ಉತ್ತರಿಸುತ್ತೇನೆ. ಚೊಕೊದಲ್ಲಿ ಮಾಡಿದ್ದು ತಪ್ಪು, ಅದಕ್ಕೆ ಸಮರ್ಥನೆಯಿಲ್ಲ. ಆ ಪ್ರಾಂತ್ಯಕ್ಕೆ ನಿಜವಾಗಿಯೂ ಅನ್ಯಾಯವಾಗುತ್ತಿತ್ತು ಎಂಬುದರಿಂದ ಆ ಸುದ್ದಿ ಸತ್ಯವಾಗುವುದಿಲ್ಲ. ಸುದ್ದಿ ಇಲ್ಲದ ಊರಿಗೆ ಫೋಟೊಗ್ರಾಫರ್ ಜೊತೆ ಹೋದ ವರದಿಗಾರನ ಮೇಲೆ ಬೀಳುವ ಒತ್ತಡ ನನಗೆ ಗೊತ್ತು, ಬರಿಗೈಯಲ್ಲಿ ಮರಳಿದವರೂ ನನಗೆ ಗೊತ್ತು.

ಕಾದಂಬರಿಯ ಮೂರು ಸಾವಿರವನ್ನು ನಾನು ಬೇರೆಯಾಗಿ ನೋಡುತ್ತೇನೆ. ಆ ಅಧ್ಯಾಯದಲ್ಲಿ ಹತ್ಯಾಕಾಂಡಕ್ಕಿಂತ ಭಯಂಕರವಾದದ್ದು ಅದರ ನಂತರದ್ದು. ರೈಲಿನಿಂದ ಹಾರಿ ಬದುಕಿ ಬಂದವನು ಮನೆಮನೆಗೆ ಹೋಗಿ ಹೇಳಿದರೂ ಊರು ‘ಇಲ್ಲಿ ಯಾರೂ ಸತ್ತಿಲ್ಲ’ ಎನ್ನುತ್ತದೆ. ಸರ್ಕಾರದ ಪ್ರಕಟಣೆಯೂ ಅದನ್ನೇ ಹೇಳುತ್ತದೆ. ಅಧಿಕೃತ ಹೇಳಿಕೆ ನಿಧಾನವಾಗಿ ಜನರ ನೆನಪನ್ನೇ ತಿಂದುಹಾಕುವ ಬಗೆಯನ್ನು ಪತ್ರಿಕಾ ಕಚೇರಿಯಲ್ಲಿ ಕೂತವನಷ್ಟು ಹತ್ತಿರದಿಂದ ಬೇರೆಯವರು ಕಾಣುವುದು ಕಷ್ಟ. ಬಿರುಗಾಳಿಯಿಂದ ನಾವಿಕರು ಸತ್ತರು ಎಂಬ ಪ್ರಕಟಣೆಯನ್ನು 1955ರಲ್ಲಿ ಅವನ ಪತ್ರಿಕೆಯೂ ಓದಿತ್ತಲ್ಲವೇ? ಪತ್ರಿಕೆಯಲ್ಲಿ ಒಂದೇ ಒಂದು ಸುಳ್ಳು ಇಡೀ ವರದಿಯನ್ನು ಕೆಡಿಸುತ್ತದೆ, ಕಾದಂಬರಿಯಲ್ಲಿ ಒಂದೇ ಒಂದು ಸತ್ಯ ಇಡೀ ಕೃತಿಗೆ ನೆಲೆ ಕೊಡುತ್ತದೆ ಎಂಬ ಅರ್ಥದ ಮಾತನ್ನು ಅವನು ಆಡಿದ್ದಾನೆ. ಹಾಗಾಗಿ ಆ ಸಂಖ್ಯೆಯನ್ನು ಇತಿಹಾಸವೆಂದು ಓದಿದವರಿಗೆ ಕಾದಂಬರಿಯ ಆಚೆಗೆ ದಾಖಲೆಗಳನ್ನು ತೋರಿಸುವುದು ನಮ್ಮ ಕೆಲಸ, ಕಾದಂಬರಿಕಾರನದಲ್ಲ.

ತುಂಗೆಯ ದಂಡೆ

ನಮ್ಮವರೊಬ್ಬರನ್ನು ಇಲ್ಲಿ ನೆನೆಯಬೇಕೆನಿಸುತ್ತದೆ. ಪಿ. ಲಂಕೇಶ್ ಕಥೆ, ಕವಿತೆ, ನಾಟಕ, ಸಿನಿಮಾಗಳಲ್ಲಿ ಹೆಸರು ಮಾಡಿದ ಮೇಲೆ, ಇಂಗ್ಲಿಷ್ ಅಧ್ಯಾಪಕ ವೃತ್ತಿಯನ್ನು ಬಿಟ್ಟು 1980ರಲ್ಲಿ ಜಾಹೀರಾತಿಲ್ಲದ ವಾರಪತ್ರಿಕೆ ಆರಂಭಿಸಿದರು. ಮಾರ್ಕ್ವೆಜ್ ಪತ್ರಿಕೆಯಿಂದ ಕಾದಂಬರಿಗೆ ನಡೆದರೆ ಲಂಕೇಶ್ ಸಾಹಿತ್ಯದಿಂದ ಪತ್ರಿಕೆಗೆ ನಡೆದರು. ಪತ್ರಿಕೆ ಅವರೊಳಗಿನ ಲೇಖಕನನ್ನು ತಿಂದುಹಾಕಿತು ಎನ್ನುವವರು ಇದ್ದಾರೆ. ನನಗೆ ಹಾಗನಿಸುವುದಿಲ್ಲ. ‘ನೀಲು’ವಿನ ಕಿರುಪದ್ಯಗಳು ಹುಟ್ಟಿದ್ದು ಆ ಪತ್ರಿಕೆಯ ಪುಟಗಳಲ್ಲಿ. ‘ಟೀಕೆ ಟಿಪ್ಪಣಿ’ಯ ಗದ್ಯದಲ್ಲಿ ರಾಜಕಾರಣಿಯೊಬ್ಬನ ನಡಿಗೆ, ನಗು, ಅಂಜಿಕೆಗಳು ಬರುವ ರೀತಿ ಕಥೆಗಾರನದು. ಆದರೆ ವ್ಯತ್ಯಾಸವೂ ದೊಡ್ಡದು. ಮಾರ್ಕ್ವೆಜ್ ವರದಿಗಾರನಾಗಿದ್ದ, ಕೆಲಸ ಬಿಟ್ಟು ಹೋಗಬಲ್ಲವನಾಗಿದ್ದ. 1965ರಲ್ಲಿ ಎಲ್ಲವನ್ನೂ ಬದಿಗಿಟ್ಟು ಒಂದೂವರೆ ವರ್ಷದಷ್ಟು ಕೋಣೆಯಲ್ಲಿ ಕೂತ. ಪ್ರತಿವಾರ ಪತ್ರಿಕೆ ತರಬೇಕಾದ ಸಂಪಾದಕನಿಗೆ ಆ ಬಾಗಿಲು ತೆರೆದಿರಲಿಲ್ಲ. ಹಾಗೆಯೇ ಲಂಕೇಶ್ ತಮ್ಮ ಪುಟಗಳನ್ನು ಇತರರಿಗೆ ತೆರೆದರು, ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಮೊದಲು ಧಾರಾವಾಹಿಯಾಗಿ ಬಂದದ್ದು ಅಲ್ಲಿಯೇ. ಪತ್ರಿಕಾ ವೃತ್ತಿ ಸಾಹಿತಿಗೆ ಏನು ಮಾಡುತ್ತದೆ ಎಂದು ಕೇಳುವಾಗ, ಅವನು ಅಲ್ಲಿ ಯಾವ ಕುರ್ಚಿಯಲ್ಲಿ ಕೂತಿದ್ದ ಎಂಬುದನ್ನೂ ಕೇಳಬೇಕು.

ಸಂಚಾರಿ ಓದುಗ

ತುಂಗೆಯ ದಂಡೆಯವರ ಕೊನೆಯ ಮಾತು ಮುಖ್ಯವಾದದ್ದು. ಮಾರ್ಕ್ವೆಜ್‌ನ ವಿಷಯದಲ್ಲಿ ಆ ಕುರ್ಚಿ ಬಹುಪಾಲು ಪ್ರಶ್ನೆ ಕೇಳುವವನದು. ನೊಬೆಲ್ ಬಂದ ಮೇಲೂ ಅವನು ಅದನ್ನು ಬಿಡಲಿಲ್ಲ. 1994ರಲ್ಲಿ ಕಾರ್ತಹೇನಾದಲ್ಲಿ ಯುವ ಪತ್ರಕರ್ತರಿಗಾಗಿ ಪ್ರತಿಷ್ಠಾನ ಕಟ್ಟಿದ, 1996ರಲ್ಲಿ ಮಾದಕ ದ್ರವ್ಯ ದೊರೆಗಳು ನಡೆಸಿದ ಅಪಹರಣಗಳ ಬಗ್ಗೆ ಪೂರ್ಣ ಪ್ರಮಾಣದ ವರದಿ ಗ್ರಂಥವನ್ನೇ ಬರೆದ.

ಶಾಲ್ಮಲೆಯವರ ಆಕ್ಷೇಪಕ್ಕೆ ಒಂದು ಕೃತಿಯನ್ನು ಮುಂದಿಡುತ್ತೇನೆ. 1951ರ ಜನವರಿ 22ರಂದು ಸುಕ್ರೆ ಎಂಬ ಊರಿನಲ್ಲಿ ಮಾರ್ಕ್ವೆಜ್‌ನ ಗೆಳೆಯನೊಬ್ಬನನ್ನು ಮರ್ಯಾದೆಯ ಹೆಸರಿನಲ್ಲಿ ಹಾಡಹಗಲೇ ಕೊಂದರು. ಕೂಡಲೇ ವರದಿ ಬರೆಯಲು ಹೊರಟವನನ್ನು ತಾಯಿ ತಡೆದರು, ಸತ್ತವನ ತಾಯಿ ಅವರಿಗೆ ಬೇಕಾದವರು. ಅವನು ಮೂವತ್ತು ವರ್ಷ ಕಾದು 1981ರಲ್ಲಿ ‘ಮುನ್ಸೂಚಿತ ಸಾವಿನ ವೃತ್ತಾಂತ’ವನ್ನು ಪ್ರಕಟಿಸಿದ. ಅದರಲ್ಲಿ ನಿರೂಪಕ ವರ್ಷಗಳ ನಂತರ ಊರಿಗೆ ಬಂದು ಒಬ್ಬೊಬ್ಬರನ್ನೂ ವಿಚಾರಿಸುತ್ತಾನೆ. ಕೊಲೆಗಾರರು ಎಲ್ಲರಿಗೂ ಹೇಳಿಯೇ ಕೊಂದಿದ್ದಾರೆ, ಎಲ್ಲರಿಗೂ ಗೊತ್ತಿತ್ತು, ಯಾರೂ ತಡೆಯಲಿಲ್ಲ. ವರದಿಯ ರೂಪವನ್ನು ಬಿಟ್ಟಿದ್ದರೆ ಇಡೀ ಊರನ್ನು ಹೀಗೆ ಕಟಕಟೆಯಲ್ಲಿ ನಿಲ್ಲಿಸಲು ಸಾಧ್ಯವಾಗುತ್ತಿತ್ತೇ?

ಶಾಲ್ಮಲೆ

ಈ ಕೃತಿಯ ವಿಷಯದಲ್ಲಿ ನಿಮ್ಮೊಂದಿಗೆ ಜಗಳವಿಲ್ಲ. ಅಲ್ಲಿ ಅಜ್ಜಿಯ ಧ್ವನಿ ನನಗೂ ಕೇಳಿಸುವುದಿಲ್ಲ. ಆದರೆ ‘ನೂರು ವರ್ಷಗಳ ಏಕಾಂತ’ದ ಕಾಲ್ಪನಿಕ ಊರಾದ ಮಕೊಂಡೊದ ಬಗ್ಗೆ ನನ್ನ ಅಭಿಪ್ರಾಯ ಹಾಗೆಯೇ ಇದೆ.

ನನಗೆ ಒಂದು ಸಂದೇಹ. ಕೊಲೆಯಾದ ಬೆಳಗ್ಗೆ ಹವೆ ಹೇಗಿತ್ತು ಎಂಬುದರಲ್ಲೇ ಸಾಕ್ಷಿಗಳು ಒಮ್ಮತಕ್ಕೆ ಬರುವುದಿಲ್ಲ. ಸಮುದ್ರದ ಗಾಳಿಯ ಉಜ್ವಲ ಬೆಳಗು ಎಂದು ಕೆಲವರು, ಮೋಡ ಕವಿದು ತುಂತುರು ಹನಿಯುತ್ತಿತ್ತು ಎಂದು ಹೆಚ್ಚಿನವರು. ನಿಜವಾದ ಪತ್ರಿಕೆಯಲ್ಲಿ ಡೆಸ್ಕ್ ಇದನ್ನು ಹಾಗೆಯೇ ಬಿಡುತ್ತದೆಯೇ?

ಮೊಫಸಿಲ್ ವರದಿಗಾರ

ಬಿಡುವುದಿಲ್ಲ. ಹವಾಮಾನ ಇಲಾಖೆಗೆ ಫೋನ್ ಮಾಡಿ ಎನ್ನುತ್ತಾರೆ, ಅಥವಾ ಆ ಸಾಲನ್ನೇ ತೆಗೆಯುತ್ತಾರೆ. ನನ್ನ ಟಿಪ್ಪಣಿ ಪುಸ್ತಕಗಳಲ್ಲಿ ಇಂಥ ಎಷ್ಟೋ ಹೇಳಿಕೆಗಳು ಉಳಿದುಹೋಗಿವೆ. ಒಂದೇ ಅಪಘಾತದ ಜಾಗದಲ್ಲಿ ನಿಂತಿದ್ದ ಇಬ್ಬರಲ್ಲಿ ಒಬ್ಬರು ಲಾರಿಯ ದೀಪ ಉರಿಯುತ್ತಿತ್ತು ಎನ್ನುತ್ತಾರೆ, ಇನ್ನೊಬ್ಬರು ಇರಲಿಲ್ಲ ಎನ್ನುತ್ತಾರೆ, ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ಪೊಲೀಸರ ಪಂಚನಾಮೆಯಲ್ಲಿ ಒಂದು ಉಳಿಯುತ್ತದೆ, ಪತ್ರಿಕೆಯಲ್ಲೂ ಅದೇ ಬರುತ್ತದೆ. ಮಾರ್ಕ್ವೆಜ್ ಆ ಎರಡು ಬಗೆಯ ಬೆಳಗನ್ನೂ ಕಾದಂಬರಿಯ ಮೊದಲ ಪುಟಗಳಲ್ಲೇ ಇಟ್ಟ, ಕೊನೆಯವರೆಗೂ ಅವುಗಳಲ್ಲಿ ಒಂದನ್ನು ಆರಿಸಿಕೊಳ್ಳಲಿಲ್ಲ.